ಗುಲ್ಮರ್ಗ್‌ಗೆ ಸ್ಕೀ ಬಳಗದ ಪ್ರವಾಸ: ಯಾವಾಗ ಹೋಗಬೇಕು, ಹೊಸಬರನ್ನು ಎಲ್ಲಿಯವರೆಗೆ ಕರೆದೊಯ್ಯಬಹುದು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ನಮ್ಮ ಸ್ಕೀ ಬಳಗದ ಇಪ್ಪತ್ತು ಮಂದಿ ಈ ಚಳಿಗಾಲದಲ್ಲಿ ಒಟ್ಟಾಗಿ ಕಾಶ್ಮೀರದ ಗುಲ್ಮರ್ಗ್‌ಗೆ ಹೋಗಬೇಕೆಂದಿದ್ದೇವೆ. ಐದಾರು ಮಂದಿ ಯುರೋಪಿನಲ್ಲಿದ್ದಾಗ ಆಲ್ಪ್ಸ್‌ನಲ್ಲಿ ಸ್ಕೀ ಮಾಡಿ ಪಳಗಿದವರು. ಉಳಿದವರು ಹಿಮವನ್ನು ಮುಟ್ಟಿಯೂ ನೋಡದವರು. ಕ್ರಿಸ್‌ಮಸ್ ರಜೆಯಲ್ಲೇ ಹೋಗೋಣವೆಂಬುದು ಹಲವರ ಒತ್ತಾಯ. ಗೊಂಡೋಲಾದಲ್ಲಿ (ಕೇಬಲ್ ಕಾರಿನಲ್ಲಿ) ಬೆಟ್ಟದ ತುದಿಯವರೆಗೆ ಹೋಗಿ ಎಲ್ಲರೂ ಜೊತೆಯಾಗಿ ಸ್ಕೀ ಮಾಡುತ್ತಾ ಇಳಿಯಬೇಕೆಂಬುದು ಕೆಲವರ ಆಸೆ. ಏರ್ಪಾಡಿನ ಹೊಣೆ ನನ್ನದಾಗಿರುವುದರಿಂದ ಅನುಭವಿಗಳ ಅಭಿಪ್ರಾಯ ಕೇಳುತ್ತಿದ್ದೇನೆ.

ಉತ್ತರ 1

ಕ್ರಿಸ್‌ಮಸ್ ಬೇಡ, ಫೆಬ್ರವರಿ ಇಟ್ಟುಕೊಳ್ಳಿ. ಕಾಶ್ಮೀರದವರು ಚಿಲ್ಲೈ ಕಲಾನ್ ಎಂದು ಕರೆಯುವ ನಲವತ್ತು ದಿನಗಳ ಕಡುಚಳಿ ಡಿಸೆಂಬರ್ 21ಕ್ಕೆ ಆರಂಭವಾಗುತ್ತದೆಯಾದರೂ, ಚಳಿ ಇದ್ದ ಮಾತ್ರಕ್ಕೆ ಹಿಮ ಬೀಳಲೇಬೇಕೆಂದಿಲ್ಲ; 2024ರ ಜನವರಿಯಲ್ಲಿ ಬಹುಪಾಲು ದಿನ ಗುಲ್ಮರ್ಗ್‌ನ ಇಳಿಜಾರುಗಳು ಬೋಳಾಗಿಯೇ ಇದ್ದವು.

ಇನ್ನು ತುದಿಯ ವಿಚಾರ. ಸುಮಾರು 2,650 ಮೀಟರ್ ಎತ್ತರದ ಗುಲ್ಮರ್ಗ್‌ನಿಂದ ಮೊದಲ ಹಂತದ ಗೊಂಡೋಲಾ ನಡುವಿನ ನಿಲ್ದಾಣವಾದ ಕೊಂಗ್‌ಡೂರಿಗೂ, ಎರಡನೆಯ ಹಂತದ್ದು 3,900 ಮೀಟರ್‌ಗೂ ಮಿಕ್ಕಿದ ಅಫರ್ವಟ್ ಶಿಖರದ ಬಳಿಗೂ ಒಯ್ಯುತ್ತವೆ. ಅಲ್ಲಿಂದ ಕೆಳಗಿನದು ಯಂತ್ರದಿಂದ ಹದಗೊಳಿಸಿದ ಹಾದಿಯಲ್ಲ, ಇದ್ದ ಹಾಗೆಯೇ ಇರುವ ಬೆಟ್ಟ. 2023ರ ಫೆಬ್ರವರಿ 1ರಂದು ಅದೇ ಅಫರ್ವಟ್‌ನ ಹಾಪತ್‌ಖುಡ್ ಭಾಗದಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ಪ್ರಾಣ ಕಳೆದುಕೊಂಡರು. ಆದ್ದರಿಂದ ಎಲ್ಲರೂ ಜೊತೆಯಾಗಿ ಇಳಿಯುವ ಯೋಚನೆಯನ್ನು ದಯವಿಟ್ಟು ಕೈಬಿಡಿ.

ಪಳಗಿದವರು ಕೂಡ ಸ್ಥಳೀಯ ಮಾರ್ಗದರ್ಶಕರಿಲ್ಲದೆ ಮೇಲೆ ಹೋಗಬಾರದು. ಪ್ರತಿಯೊಬ್ಬರ ಬಳಿಯೂ ಟ್ರಾನ್ಸೀವರ್ (ಹಿಮದಡಿ ಹೂತವರಿರುವ ಜಾಗವನ್ನು ಸಂಕೇತದಿಂದ ತಿಳಿಸುವ ಸಾಧನ), ಹಿಮದೊಳಗೆ ಚುಚ್ಚಿ ಹುಡುಕುವ ಪ್ರೋಬ್ ಕೋಲು ಮತ್ತು ಸಲಿಕೆ ಇರಬೇಕು. ಅವನ್ನು ಬಳಸಿ ಹುಡುಕುವ ಅಭ್ಯಾಸವನ್ನು ಕೆಳಗಿರುವಾಗಲೇ ಮಾಡಿರಬೇಕು. ಹಿಮದಡಿ ಹೂತವರು ಬದುಕುಳಿಯುವ ಸಾಧ್ಯತೆ ಕಾಲುಗಂಟೆಯ ನಂತರ ಬಹಳ ಬೇಗ ಕುಸಿಯುವುದರಿಂದ, ಅಂಥ ಹೊತ್ತಿನಲ್ಲಿ ಜೀವ ಉಳಿಸಬಲ್ಲವರು ಪಕ್ಕದಲ್ಲಿರುವ ನಿಮ್ಮವರೇ.

ಉತ್ತರ 2

ಹೊಸಬರಿಗೆ ಕೆಳಗಿನ ಹುಲ್ಲುಗಾವಲಿನ ಇಳಿಜಾರೇ ಸಾಕಷ್ಟಾಯಿತು. ಸ್ಕೀಗಳ ಮುಂತುದಿಗಳನ್ನು ಹತ್ತಿರ ತಂದು, ಹಿಂತುದಿಗಳನ್ನು ಅಗಲಿಸಿ, ಒಳ ಅಂಚುಗಳ ಮೇಲೆ ಭಾರ ಹಾಕಿ ನಿಲ್ಲುವುದು ಕೈಗೂಡುವವರೆಗೆ ತರಬೇತುದಾರರು ಅವರನ್ನು ಅಲ್ಲಿಂದ ಕದಲಿಸುವುದಿಲ್ಲ, ಕದಲಿಸಲೂ ಬಾರದು. ಬಾಡಿಗೆಯ ಬೂಟನ್ನು ಒಂದೇ ಜೊತೆ ಕಾಲುಚೀಲದ ಮೇಲೆ ಹಾಕಿ, ಬಕಲ್ ಬಿಗಿದು, ಮಂಡಿ ಮುಂದಕ್ಕೆ ಬಾಗಿಸಿ ನೋಡಿ. ಹಿಮ್ಮಡಿ ಮೇಲೇಳುತ್ತಿದ್ದರೆ ಅದು ದೊಡ್ಡದಾಯಿತೆಂದೇ ಅರ್ಥ. ಚಳಿಗೆ ಹೆದರಿ ಎರಡು ಜೊತೆ ಕಾಲುಚೀಲ ಹಾಕಿಕೊಂಡರೆ ರಕ್ತಸಂಚಾರಕ್ಕೆ ತಡೆಯಾಗಿ ಪಾದ ಇನ್ನಷ್ಟು ತಣ್ಣಗಾಗುತ್ತದೆ.

ಉತ್ತರ 3

ಹಿಮ ಬಿದ್ದಾಗ, ಗುಲ್ಮರ್ಗ್‌ನ ಕೆಳಗಿರುವ ತಂಗ್‌ಮರ್ಗ್ ಊರಿನಿಂದ ಮೇಲಕ್ಕೆ ಗಾಲಿಗಳಿಗೆ ಸರಪಳಿ ಕಟ್ಟಿದ ವಾಹನಗಳೇ ಬೇಕಾಗುತ್ತವೆ. ಶ್ರೀನಗರದ ವಿಮಾನಗಳು ಹಿಮದಿಂದ ರದ್ದಾಗುವುದುಂಟು, ಹಾಗಾಗಿ ಹಿಂತಿರುಗುವ ಕಡೆಗೆ ಒಂದು ದಿನವನ್ನು ಖಾಲಿ ಬಿಡಿ. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ. ಹಲವು ಪ್ರವಾಸ ವಿಮೆಗಳು ಹದಗೊಳಿಸದ ಇಳಿಜಾರಿನ ಸ್ಕೀಯಿಂಗನ್ನು ಹೊರಗಿಡುವುದರಿಂದ ಷರತ್ತುಗಳನ್ನು ಮೊದಲೇ ಓದಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ದಿನಾಂಕವನ್ನು ಫೆಬ್ರವರಿಗೆ ಬದಲಾಯಿಸಲು ಬಳಗಕ್ಕೆ ತಿಳಿಸುತ್ತೇನೆ. ಒಂದು ಸಂದೇಹ: ಹೊಸಬರು ಸ್ಕೀ ಇಲ್ಲದೆ ಅಫರ್ವಟ್‌ವರೆಗೆ ಹೋಗಿ ನೋಡಿ ಬರಬಹುದೇ?

ಉತ್ತರ 1

ಖಂಡಿತ ಹೋಗಬಹುದು, ಗೊಂಡೋಲಾದಲ್ಲೇ ಹಿಂದಿರುಗಬೇಕು. ಗಾಳಿ ಜೋರಾದರೆ ಎರಡನೆಯ ಹಂತವನ್ನು ನಿಲ್ಲಿಸುತ್ತಾರೆ. ಆದ್ದರಿಂದ ಅದನ್ನು ಕೊನೆಯ ದಿನಕ್ಕೆ ಉಳಿಸಿಕೊಳ್ಳದೆ, ಆಕಾಶ ತಿಳಿಯಾಗಿರುವ ಮೊದಲ ಬೆಳಿಗ್ಗೆಯೇ ಹೊರಡಿ.