ಸಹಾಯ ಬೇಕು: ಹಳೇ ಕ್ಯಾಮೆರಾಗೆ 2 ಜಿಬಿ ಎಸ್‌ಡಿ ಕಾರ್ಡ್

ಎಲ್ಲರಿಗೂ ನಮಸ್ಕಾರ. ಅಪ್ಪ 2005ರಲ್ಲಿ ಕೊಡಿಸಿದ ಪುಟ್ಟ ಡಿಜಿಟಲ್ ಕ್ಯಾಮೆರಾ ನನ್ನ ಹತ್ತಿರ ಇನ್ನೂ ಇದೆ. 5 ಮೆಗಾಪಿಕ್ಸೆಲ್, ಎರಡು ಎಎ ಸೆಲ್ ಹಾಕಿದರೆ ಸಾಕು. ಲಾಲ್‌ಬಾಗ್ ಹೂಗಳ ಬಣ್ಣ ಇದರಲ್ಲಿ ಬರುವ ಹಾಗೆ ನನ್ನ ಫೋನಿನಲ್ಲಿ ಬರುವುದೇ ಇಲ್ಲ. ಅದಕ್ಕೇ ಬಿಡೋಕೆ ಮನಸ್ಸಿಲ್ಲ.

ಈಗ ತೊಂದರೆ ಫೋಟೋ ಉಳಿಸುವ ಎಸ್‌ಡಿ ಮೆಮೊರಿ ಕಾರ್ಡಿನದು. ಹಳೇ ಕಾರ್ಡಿನ ಪಕ್ಕದ ಲಾಕ್ ಗುಂಡಿ ಉದುರಿಹೋಯಿತು. ಅದಿಲ್ಲದಿದ್ದರೆ ಕ್ಯಾಮೆರಾ 'ಕಾರ್ಡ್ ಲಾಕ್ ಆಗಿದೆ' ಅನ್ನುತ್ತದೆ. ಆ ಜಾಗಕ್ಕೆ ಚೂರು ಸೆಲ್ಲೋಟೇಪ್ ಅಂಟಿಸಿದೆ, ಸ್ವಲ್ಪ ದಿನ ನಡೆಯಿತು. ಆಮೇಲೆ ಪ್ಲಾಸ್ಟಿಕ್ಕೇ ಬಿರುಕು ಬಿಟ್ಟಿತು.

ಹೊಸ 32 ಜಿಬಿ ಕಾರ್ಡ್ ಹಾಕಿದರೆ 'ಕಾರ್ಡ್ ಎರರ್'. ಕಂಪ್ಯೂಟರಿನಲ್ಲಿ ಫಾರ್ಮ್ಯಾಟ್ ಮಾಡಿದೆ, 2 ಜಿಬಿ ಪಾರ್ಟಿಷನ್ ಕೂಡ ಮಾಡಿ ನೋಡಿದೆ, ಆಗಲಿಲ್ಲ. ಓದಿದಾಗ ಗೊತ್ತಾಯಿತು: 4ರಿಂದ 32 ಜಿಬಿಯವು ಎಸ್‌ಡಿಎಚ್‌ಸಿ ಅನ್ನುವ ಬೇರೆ ಬಗೆಯವು, ಅವು 2006ರಲ್ಲಿ ಬಂದವು. ನೋಡೋಕೆ ಒಂದೇ ಥರ ಇದ್ದರೂ ಅದಕ್ಕಿಂತ ಹಳೇ ಕ್ಯಾಮೆರಾಗಳಿಗೆ ಸಾಮಾನ್ಯವಾಗಿ ಅವನ್ನು ಓದಲು ಬರುವುದಿಲ್ಲ. ಬರೀ ಎಸ್‌ಡಿ ಅಂತ ಬರೆದಿರುವ, 2 ಜಿಬಿ ಒಳಗಿನ ಕಾರ್ಡೇ ಬೇಕು. ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರಸ್ತೆಯಲ್ಲಿ ಸುತ್ತಾಡಿದೆ. ಎಲ್ಲರೂ 32, 64 ತೋರಿಸುತ್ತಾರೆ.

ಮನೆಯಲ್ಲಿ ಹಳೇ ಫೋನಿನ 2 ಜಿಬಿ ಮೈಕ್ರೋ ಎಸ್‌ಡಿ ಇದೆ. ಆ ಪುಟ್ಟ ಕಾರ್ಡನ್ನು ಎಸ್‌ಡಿ ಕಾರ್ಡಿನ ಅಳತೆಯ ಅಡಾಪ್ಟರಿಗೆ ಹಾಕಬಹುದು ಅಂದುಕೊಂಡಿದ್ದೇನೆ. ಆದರೆ ಕ್ಯಾಮೆರಾದ ಕಾರ್ಡ್ ಪಿನ್ನುಗಳು ತುಂಬಾ ಹಳೆಯವು, ಅಡಾಪ್ಟರ್ ಬಿಗಿಯಾಗಿ ಕೂತರೆ ಬಗ್ಗಿಹೋಗುತ್ತವೋ ಅಂತ ಭಯ.

ಹೀಗೆ ಅಡಾಪ್ಟರ್ ಬಳಸಿದವರು ಯಾರಾದರೂ ಇದ್ದೀರಾ, ತೊಂದರೆ ಆಗಲಿಲ್ಲ ಅಲ್ವಾ? ಇಲ್ಲದಿದ್ದರೆ ಬೆಂಗಳೂರಿನಲ್ಲಿ 2 ಜಿಬಿ ಎಸ್‌ಡಿ ಕಾರ್ಡ್ ಈಗಲೂ ಎಲ್ಲಿ ಸಿಗುತ್ತದೆ?