ಮಳೆಗಾಲದಲ್ಲಿ ವಾರ್ನಿಷ್ ಬೆಳ್ಳಗಾಗುತ್ತಿದೆ, ಏನು ಮಾಡಲಿ?

ಕೋಡಿಬಾಗ್ ದರ್ಜಿ:
ಕಾರವಾರದಲ್ಲಿ ನನ್ನದು ಟೈಲರ್ ಅಂಗಡಿ. ನೇವಿಯವರ ಯೂನಿಫಾರಂ ಜಾಸ್ತಿ ಬರುತ್ತದೆ. ವರ್ಗವಾಗಿ ಹೋಗುವಾಗ ಒಬ್ಬ ಗಿರಾಕಿ, "ಕಾಕಾ, ನಿಮ್ಮ ಕೈಗೆ ಇದು ಸರಿ" ಅಂತ ಒಂದು ಏರ್‌ಫಿಕ್ಸ್ ಕಂಪನಿಯ ಪ್ಲಾಸ್ಟಿಕ್ ಮಾದರಿ ವಿಮಾನದ ಪೆಟ್ಟಿಗೆ ಕೊಟ್ಟು ಹೋದ. ಒಳಗೆ ಬ್ರಿಟನ್ನಿನ ರೆಡ್ ಆರೋಸ್ ವೈಮಾನಿಕ ಕಸರತ್ತು ತಂಡದ ಹಾಕ್ ವಿಮಾನ, 1:72 ಅಳತೆ. ನನಗೆ ಅದನ್ನು ನಮ್ಮ ವಾಯುಪಡೆಯ ಕಸರತ್ತು ತಂಡ ಸೂರ್ಯಕಿರಣದ ವಿಮಾನ ಮಾಡುವ ಆಸೆ. ಅವರದ್ದೂ ಹಾಕ್ ತಾನೇ? ಕೆಂಪು-ಬಿಳಿ ತಾನೇ?

ಅಂಟಿಸಿದ್ದು, ಉಜ್ಜಿದ್ದು ಸಲೀಸಾಯಿತು. ಮೊದಲು ಬಿಳಿ ಹೊಡೆದೆ. ಎರಡು ದಿನ ಬಿಟ್ಟು ಮಾಸ್ಕಿಂಗ್ ಟೇಪ್ ಹಚ್ಚಿ ಕೆಂಪು. ಗೆರೆ ನೋಡಬೇಕು ನೀವು, ಕಾಲರಿನ ಹೊಲಿಗೆ ಹಾಗೆ ಬಂದಿದೆ. ಆದರೆ ಮೇಲೆ ಹೊಡೆದ ಲ್ಯಾಕರ್ ವಾರ್ನಿಷ್ ಹತ್ತು ನಿಮಿಷದಲ್ಲಿ ಬೆಳ್ಳಗಾಯಿತು. ಅಕ್ಕಿ ತೊಳೆದ ನೀರು ಚೆಲ್ಲಿ ಒಣಗಿದ ಹಾಗಿದೆ. ಒರೆಸಿದರೆ ಹೋಗುವುದಿಲ್ಲ. ಹೊರಗೆ ಮೂರು ದಿನದಿಂದ ಬಿಡದ ಮಳೆ. ಎಲ್ಲಾ ಕೆರೆದು ಮೊದಲಿಂದ ಮಾಡಬೇಕಾ?

ತದಡಿ ಪೇಂಟರ್:
ಕೆರೆಯಬೇಡಿ ಕಾಕಾ. ನಾನು ಬೋಟಿಗೆ, ಬೈಕಿನ ಟ್ಯಾಂಕಿಗೆ ಸ್ಪ್ರೇ ಹೊಡೆಯುವವನು. ಜೂನ್ ಬಂತು ಅಂದರೆ ಇದೇ ಗೋಳು. ತಿನ್ನರ್ ಬೇಗ ಆರುತ್ತದೆ, ಆರುವಾಗ ಬಣ್ಣದ ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಬಂದು ಅಲ್ಲೇ ಕೂರುತ್ತದೆ. ಫ್ರಿಜ್ಜಿನಿಂದ ತೆಗೆದ ಸೋಡಾ ಬಾಟಲಿ ಬೆವರುತ್ತದಲ್ವಾ, ಅದೇ ಕತೆ. ನಿಮ್ಮ ಕೆಂಪಿಗೆ ಏನೂ ಆಗಿಲ್ಲ, ವಾರ್ನಿಷ್ ಒಳಗೆ ತೇವ ಸಿಕ್ಕಿಕೊಂಡಿದೆ ಅಷ್ಟೇ.

ಪೇಂಟ್ ಅಂಗಡಿಯಲ್ಲಿ ರಿಟಾರ್ಡರ್ ಕೇಳಿ, ನಿಧಾನವಾಗಿ ಆರುವ ತಿನ್ನರ್ ಅದು. ಮಳೆ ಬಿಟ್ಟ ಮಧ್ಯಾಹ್ನ ನೋಡಿ, ಮಾಮೂಲಿ ತಿನ್ನರಿಗೆ ನಾಲ್ಕು ಹನಿ ಬೆರೆಸಿ, ದೂರದಿಂದ ಇಬ್ಬನಿ ಬಿದ್ದಷ್ಟೇ ಒಂದು ಕೈ ಹೊಡೆಯಿರಿ. ಪದರ ಚೂರು ಕರಗಿ ತೇವ ಹೊರಗೆ ಹೋಗುತ್ತದೆ. ಇಳಿಯುವಷ್ಟು ಹೊಡೆದರೆ ಪ್ಲಾಸ್ಟಿಕ್ಕೇ ಕರಗೀತು. ಮೊದಲು ಬೇಡದ ತುಂಡಿನ ಮೇಲೆ ನೋಡಿ. ಮಾಸ್ಕ್ ಹಾಕಿಕೊಳ್ಳಿ.

ಶಿರಸಿ ಅಡಿಕೆ:
ಬಿಳುಪು ಹೋಗುತ್ತದೆ ಬಿಡಿ. ಮೂಗು ನೋಡಿದಿರಾ ಮಾರಾಯ್ರೇ? ರೆಡ್ ಆರೋಸ್ ಅವರದ್ದು ಹಾಕಿನ ಹಳೆಯ ಮಾದರಿ, ಟಿ1. ಸೂರ್ಯಕಿರಣದ್ದು ಮಾರ್ಕ್ 132, ಅದರ ಮೂಗು ಉದ್ದ. ನಿಜವಾದ ವಿಮಾನ 12.43 ಮೀಟರ್. 72ರಿಂದ ಭಾಗಿಸಿದರೆ 17 ಸೆಂಟಿಮೀಟರಿಗಿಂತ ಚೂರು ಜಾಸ್ತಿ. ನಿಮ್ಮದನ್ನು ಅಳೆಯಿರಿ, ಕಡಿಮೆ ಬರುತ್ತದೆ.

ನನ್ನ ಶೋಕೇಸಿನಲ್ಲಿ ಇರುವುದು ಹಳೆಯ ಸೂರ್ಯಕಿರಣ್. 1996ರಲ್ಲಿ ಬೀದರಿನಲ್ಲಿ ತಂಡ ಕಟ್ಟಿದಾಗ ಇದ್ದದ್ದು ಎಚ್‌ಎಎಲ್ ಮಾಡಿದ ಕಿರಣ್ ಮಾರ್ಕ್ 2. 2011ರವರೆಗೆ ಅದೇ. ಅದರಲ್ಲಿ ಇಬ್ಬರು ಪಕ್ಕಪಕ್ಕ ಕೂರುತ್ತಾರೆ, ಹಾಕಿನಲ್ಲಿ ಹಿಂದೆ ಮುಂದೆ. ನನಗೆ ಆ ದಪ್ಪ ಮೋರೆಯೇ ಇಷ್ಟ.

ಇನ್ನೊಂದು: ಒಣಗಲಿ ಅಂತ ಅಡಿಕೆ ಅಟ್ಟದಲ್ಲಿ ಇಡಬೇಡಿ. ನಾನು ಇಟ್ಟಿದ್ದೆ. ಹೊಗೆ ಹಿಡಿದು ಬಿಳಿಯೆಲ್ಲ ಚಹದ ಬಣ್ಣ. ಆಯಿ ಈಗಲೂ ನಗುತ್ತಾಳೆ.

ಕೋಡಿಬಾಗ್ ದರ್ಜಿ:
ತದಡಿಯವರೇ, ಸೋಮವಾರ ಎರಡು ತಾಸು ಬಿಸಿಲು ಬಿತ್ತು. ಹೊಡೆದೆ. ನೋಡನೋಡುತ್ತಲೇ ಬಿಳುಪು ಹೋಗಿ ಕೆಂಪು ಎದ್ದು ಬಂತು! ಬಾಲದ ಬುಡದಲ್ಲಿ ಉಗುರಿನಷ್ಟು ಉಳಿದಿದೆ, ಅಲ್ಲಿ ಇನ್ನೊಮ್ಮೆ ಹೊಡೆಯಲು ಧೈರ್ಯ ಬರಲಿಲ್ಲ.

ಶಿರಸಿಯವರೇ, ಅಂಗಡಿಯ ಟೇಪಿನಲ್ಲೇ ಅಳೆದೆ. ಸುಮಾರು 8 ಮಿಲಿಮೀಟರ್ ಗಿಡ್ಡ. ಪ್ಯಾಂಟ್ ಆಗಿದ್ದರೆ ಒಳಗೆ ಮಡಚಿದ ಬಟ್ಟೆ ಇರುತ್ತದೆ, ಬಿಚ್ಚಿ ಇಳಿಸಿ ಕೊಡುತ್ತಿದ್ದೆ. ಇದಕ್ಕೆಲ್ಲಿದೆ? ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಮೂಗು ಕತ್ತರಿಸಿ, ಎಂ-ಸೀಲ್ ಮೆತ್ತಿ ಉದ್ದ ಮಾಡಿದ್ದೇನೆ. ಉಜ್ಜಿದ ಮೇಲೆ ಮತ್ತೆ ಕೆಂಪು ಹೊಡೆಯಬೇಕು. ಬೆಳಿಗ್ಗೆಯಿಂದ ಮತ್ತೆ ಮಳೆ.