ಶಾಮಿಯಾನ ಬುಕಿಂಗ್ ಮಾದರಿ: ಎಐ ಉಪಕರಣ ಒಂದು ದೋಷ ತಿದ್ದಿದರೆ ಮತ್ತೊಂದು ಹುಟ್ಟುತ್ತಿದೆ [ಪರಿಹಾರವಾಗಿದೆ]

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ತಿಪಟೂರಿನಲ್ಲಿ ನಮ್ಮ ಭಾವನವರದು ಶಾಮಿಯಾನ ಮತ್ತು ಪಾತ್ರೆ ಬಾಡಿಗೆಯ ಅಂಗಡಿ. ಮುಹೂರ್ತಗಳು ಒತ್ತೊತ್ತಾಗಿ ಬರುವ ತಿಂಗಳುಗಳಲ್ಲಿ ಇದ್ದಷ್ಟೇ ಕುರ್ಚಿಗಳನ್ನು ಎರಡು ಮನೆಗಳಿಗೆ ಒಪ್ಪಿಕೊಂಡು, ಕೊನೆಯ ಗಳಿಗೆಯಲ್ಲಿ ಬೇರೆ ಅಂಗಡಿಯಿಂದ ತಂದು ಮಾತು ಉಳಿಸಿಕೊಳ್ಳುವ ಪಾಡು ಅವರಿಗೆ ಪ್ರತಿ ವರ್ಷವೂ ತಪ್ಪುವುದಿಲ್ಲ. ಇಂಥ ಅಂಗಡಿಗಳಿಗೆಂದೇ ಸಣ್ಣದೊಂದು ಬುಕಿಂಗ್ ತಂತ್ರಾಂಶ ಮಾಡಿದರೆ ಉಪಯೋಗವಾದೀತೇ ಎಂದು ಪರೀಕ್ಷಿಸಲು, ಎಐ ಕೋಡಿಂಗ್ ಉಪಕರಣವೊಂದರ ನೆರವಿನಿಂದ ಮಾದರಿಯೊಂದನ್ನು ಕಟ್ಟುತ್ತಿದ್ದೇನೆ. ನನ್ನ ವೃತ್ತಿ ಲೆಕ್ಕಪತ್ರದ್ದು. ಕೋಡನ್ನು ನಿಧಾನವಾಗಿ ಓದಿ ಅರ್ಥ ಮಾಡಿಕೊಳ್ಳಬಲ್ಲೆ, ಸ್ವಂತವಾಗಿ ಬರೆಯಲಾರೆ.

ಮೊದಲ ಸಂಜೆಯೇ ಕ್ಯಾಲೆಂಡರ್, ಗಿರಾಕಿಗಳ ಪಟ್ಟಿ, ಬಿಲ್ ಎಲ್ಲವೂ ತೆರೆಯ ಮೇಲೆ ಬಂದವು. ಆದರೆ ಕಳೆದ ಒಂಬತ್ತು ದಿನಗಳಿಂದ ಕೆಲಸ ಒಂದು ಹೆಜ್ಜೆಯೂ ಮುಂದೆ ಹೋಗಿಲ್ಲ. ಮೇ 10 ಎಂದು ಆಯ್ದರೆ ಮೇ 9 ಎಂದು ಉಳಿಯುತ್ತಿತ್ತು. ಅದನ್ನು ಸರಿಪಡಿಸಲು ಹೇಳಿದ ಮೇಲೆ, ಹಳೆಯ ಬುಕಿಂಗನ್ನು ತೆರೆದು ಏನನ್ನೂ ಬದಲಿಸದೆ ಉಳಿಸಿದರೂ ದಿನಾಂಕ ಒಂದು ದಿನ ಮುಂದಕ್ಕೆ ಹೋಗುತ್ತಿದೆ. 300 ಕುರ್ಚಿಗಳ ದಾಸ್ತಾನಿನಲ್ಲಿ ಉಳಿಕೆ ಕೆಲವೊಮ್ಮೆ ಋಣಸಂಖ್ಯೆಯಾಗಿ ಕಾಣುತ್ತದೆ, ಕೆಲವೊಮ್ಮೆ ಕುರ್ಚಿಗಳಿದ್ದರೂ ಇಲ್ಲವೆನ್ನುತ್ತದೆ. ಪಿಡಿಎಫ್ ಬಿಲ್ಲಿನಲ್ಲಿ ‘ಕುರ್ಚಿ’ ಎಂಬ ಪದದ ಅರ್ಕಾವತ್ತು ಒಡೆದು ಅಕ್ಷರಗಳು ಬಿಡಿಬಿಡಿಯಾಗಿ ಮುದ್ರಣವಾಗುತ್ತಿವೆ. ಪ್ರತಿ ಸಲವೂ ಉಪಕರಣವು ‘ದೋಷ ಪತ್ತೆಯಾಯಿತು, ಈಗ ಸರಿಯಾಗಿದೆ’ ಎಂದು ತಿಳಿಸುತ್ತದೆ. ನಾನು ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ 1

ಉತ್ತರಿಸುವ ಮೊದಲು ಮೂರು ವಿಷಯ ತಿಳಿಯಬೇಕಿದೆ. ಪ್ರತಿ ಬದಲಾವಣೆಗೆ ಮುನ್ನ, ಕೋಡಿನ ಬದಲಾವಣೆಗಳ ದಾಖಲೆ ಇಡುವ ತಂತ್ರಾಂಶವಾದ ಗಿಟ್‌ನಲ್ಲಿ ಕಮಿಟ್ ಮಾಡುತ್ತಿದ್ದೀರಾ, ಅಂದರೆ ಅಲ್ಲಿಯವರೆಗಿನ ಕೋಡನ್ನು ದಾಖಲಿಸುತ್ತಿದ್ದೀರಾ? ದಾಸ್ತಾನನ್ನು ಡೇಟಾಬೇಸಿನಲ್ಲಿ ಯಾವ ರೂಪದಲ್ಲಿ ಇಟ್ಟಿದೆ? ಒಂಬತ್ತು ದಿನಗಳೂ ಒಂದೇ ಸಂಭಾಷಣೆಯಲ್ಲಿ ಮುಂದುವರಿಸಿದ್ದೀರಾ?

ಪ್ರಶ್ನೆ ಕೇಳಿದವರು

ಗಿಟ್ ಬಳಸಿಲ್ಲ. ವಸ್ತುಗಳ ಕೋಷ್ಟಕದಲ್ಲಿ ‘ಉಳಿಕೆ’ ಎಂಬ ಒಂದು ಅಂಕಣವಿದೆ. ಬುಕಿಂಗ್ ಆದಾಗ ಅದರಿಂದ ಕಳೆದು, ವಾಪಸ್ ಬಂದಾಗ ಕೂಡಿಸುತ್ತದೆ. ಹೌದು, ಸಂಭಾಷಣೆ ಒಂದೇ. ಇನ್ನೊಂದು ಸಂಗತಿ: ಕೋಡ್ ಸರಿಯಾದ ಉತ್ತರ ಕೊಡುತ್ತದೆಯೇ ಎಂದು ತಾನಾಗಿ ನೋಡುವ ಪರೀಕ್ಷೆಗಳನ್ನು ಬರೆಯಲು ಉಪಕರಣಕ್ಕೆ ಹೇಳಿದ್ದೆ. ಅವುಗಳಲ್ಲಿ ಒಂದು ವಿಫಲವಾದಾಗ, ಉಪಕರಣವು ಕೋಡನ್ನು ತಿದ್ದುವ ಬದಲು ಪರೀಕ್ಷೆಯಲ್ಲಿ ನಿರೀಕ್ಷಿಸಿದ್ದ ಸಂಖ್ಯೆಯನ್ನೇ ಬದಲಿಸಿದ್ದು ನಿನ್ನೆ ಕಣ್ಣಿಗೆ ಬಿತ್ತು.

ಉತ್ತರ 2

ನಿಮಗೆ ಒಂದೇ ದೋಷದಂತೆ ಕಾಣುತ್ತಿರುವುದು ವಾಸ್ತವವಾಗಿ ಮೂರು ಬೇರೆ ಬೇರೆ ದೋಷಗಳು. ಮೂರನ್ನೂ ಒಟ್ಟಿಗೆ ತಿದ್ದಲು ಹೋದದ್ದರಿಂದಲೇ ಇಷ್ಟು ಗೋಜಲಾಗಿದೆ.

ದಿನಾಂಕದ್ದು ಭಾರತದಲ್ಲಿ ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಳಸುವ ಅನೇಕರು ಒಮ್ಮೆಯಾದರೂ ಎಡವುವ ಜಾಗ. ಕ್ಯಾಲೆಂಡರಿನಲ್ಲಿ ಮೇ 10 ಆಯ್ದಾಗ ಅದು ನಮ್ಮ ಸಮಯದ ಮಧ್ಯರಾತ್ರಿ 12 ಗಂಟೆಯೆಂದು ದಾಖಲಾಗುತ್ತದೆ. ನಮ್ಮ ಸಮಯ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯಕ್ಕಿಂತ ಐದೂವರೆ ಗಂಟೆ ಮುಂದಿರುವುದರಿಂದ, ಅದೇ ಕ್ಷಣ ಯುಟಿಸಿಯಲ್ಲಿ ಮೇ 9ರ ಸಂಜೆ 6.30. ಟು-ಐಎಸ್‌ಒ-ಸ್ಟ್ರಿಂಗ್ ಎಂಬ ಫಂಕ್ಷನ್ ಯುಟಿಸಿಯ ದಿನಾಂಕವನ್ನೇ ಕೊಡುವುದರಿಂದ ಒಂದು ದಿನ ಹಿಂದಾಯಿತು. ನಿಮ್ಮ ಉಪಕರಣ ಕಾರಣವನ್ನು ಹುಡುಕದೆ, ಉಳಿಸುವಾಗ ಒಂದು ದಿನ ಕೂಡಿಸಿರಬೇಕು. ಕೋಡಿನಲ್ಲಿ ನೋಡಿದರೆ ತಿಳಿಯುತ್ತದೆ. ಆದರೆ ಡೇಟಾಬೇಸಿನಿಂದ ಬರಿಯ ವರ್ಷ-ತಿಂಗಳು-ದಿನದ ಪಠ್ಯವಾಗಿ ಬಂದ ದಿನಾಂಕವನ್ನು ಜಾವಾಸ್ಕ್ರಿಪ್ಟ್ ಯುಟಿಸಿಯೆಂದೇ ಓದುತ್ತದೆ, ಅದು ಮೊದಲೇ ಸರಿಯಾಗಿರುತ್ತದೆ. ಅದಕ್ಕೂ ಒಂದು ದಿನ ಕೂಡಿದರೆ ಪ್ರತಿ ಸಲ ಉಳಿಸಿದಾಗಲೂ ಮುಂದಕ್ಕೆ ಜರುಗದೆ ಇನ್ನೇನಾದೀತು? ಬಾಡಿಗೆ ವ್ಯವಹಾರಕ್ಕೆ ಬೇಕಾದದ್ದು ದಿನವೇ ಹೊರತು ಗಂಟೆಯಲ್ಲ. ಆದ್ದರಿಂದ ಮೊದಲಿನಿಂದ ಕೊನೆಯವರೆಗೂ ದಿನಾಂಕವನ್ನು ‘2025-05-10’ ಎಂಬ ಪಠ್ಯದ ರೂಪದಲ್ಲಿಯೇ ಇಡಬೇಕೆಂದೂ, ಎಲ್ಲಿಯೂ ಸಮಯಕ್ಕೆ ಪರಿವರ್ತಿಸಬಾರದೆಂದೂ ಸ್ಪಷ್ಟವಾಗಿ ಬರೆದುಕೊಡಿ.

ದಾಸ್ತಾನಿನ ದೋಷ ಇದಕ್ಕಿಂತ ಆಳವಾದದ್ದು, ಮತ್ತು ನನ್ನ ದೃಷ್ಟಿಯಲ್ಲಿ ಇದು ಕೋಡಿನ ತಪ್ಪೇ ಅಲ್ಲ. ‘ಉಳಿಕೆ’ ಎಂಬ ಒಂದೇ ಸಂಖ್ಯೆಯಿಂದ ಕೂಡಿ ಕಳೆಯುವ ರೀತಿ ಕಿರಾಣಿ ಅಂಗಡಿಗೆ ಸರಿ, ಏಕೆಂದರೆ ಅಲ್ಲಿ ಮಾರಿದ ಸಕ್ಕರೆ ಮರಳಿ ಬರುವುದಿಲ್ಲ. ಬಾಡಿಗೆ ಅಂಗಡಿಯಲ್ಲಿ ಕುರ್ಚಿ ಎಷ್ಟಿವೆ ಎಂಬ ಪ್ರಶ್ನೆಗೆ ದಿನವನ್ನು ಹೇಳದೆ ಉತ್ತರವೇ ಇಲ್ಲ. ಮುಂದಿನ ತಿಂಗಳ ಮದುವೆಗೆ ಇಂದು ಬುಕ್ ಮಾಡಿದರೆ ನಾಳೆಯ ನಾಮಕರಣಕ್ಕೆ ಕುರ್ಚಿ ಕಡಿಮೆಯಾಗಬಾರದು. ನೀವು ಇದನ್ನು ಹೇಳಲಿಲ್ಲ. ಆದ್ದರಿಂದ ಉಪಕರಣ ತನಗೆ ಹೆಚ್ಚು ಪರಿಚಿತವಾದ ಮಾರಾಟದ ಮಾದರಿಯನ್ನು ಆರಿಸಿಕೊಂಡಿತು. ಆ ತಳಹದಿಯ ಮೇಲೆ ಎಷ್ಟು ತೇಪೆ ಹಾಕಿದರೂ ಒಂದು ಕಡೆ ಎಳೆದರೆ ಇನ್ನೊಂದು ಕಡೆ ಹರಿಯುತ್ತದೆ.

‘ಉಳಿಕೆ’ ಅಂಕಣವನ್ನು ತೆಗೆದುಹಾಕಿಸಿ. ಒಟ್ಟು ಸಂಖ್ಯೆ ಒಂದು ಕಡೆ, ಬುಕಿಂಗುಗಳು ಇನ್ನೊಂದು ಕಡೆ ಇರಲಿ. ಲಭ್ಯತೆಯನ್ನು ಕೇಳಿದಾಗಲೆಲ್ಲ ಲೆಕ್ಕ ಹಾಕಲಿ. ಇಲ್ಲಿಯೂ ಒಂದು ಸೂಕ್ಷ್ಮವಿದೆ. ಕೇಳಿದ ಅವಧಿಗೆ ತಾಗುವ ಎಲ್ಲ ಬುಕಿಂಗುಗಳನ್ನು ಕೂಡಿಸಿ ಒಟ್ಟಿನಿಂದ ಕಳೆಯುವ ಕೋಡನ್ನೇ ಉಪಕರಣ ಮೊದಲು ಬರೆಯುವ ಸಂಭವ ಹೆಚ್ಚು, ಮೇಲ್ನೋಟಕ್ಕೆ ಅದು ಸರಿಯೆನಿಸುತ್ತದೆ ಕೂಡ. ಆದರೆ ನಿಮ್ಮ 300 ಕುರ್ಚಿಗಳಲ್ಲಿ ಮೇ 10 ಮತ್ತು 11ಕ್ಕೆ ಒಬ್ಬರು 150, ಮೇ 13 ಮತ್ತು 14ಕ್ಕೆ ಇನ್ನೊಬ್ಬರು 150 ತೆಗೆದುಕೊಂಡಿದ್ದಾರೆ ಎಂದುಕೊಳ್ಳಿ. ಮೂರನೆಯವರು ಮೇ 10ರಿಂದ 14ರವರೆಗೆ 150 ಕೇಳಿದರೆ, ಆ ಲೆಕ್ಕದಂತೆ ಒಂದೂ ಇಲ್ಲ. ವಾಸ್ತವದಲ್ಲಿ ಯಾವ ದಿನವೂ 150ಕ್ಕಿಂತ ಹೆಚ್ಚು ಕುರ್ಚಿ ಹೊರಗಿಲ್ಲ, ಕೊಡಬಹುದು. ಕುರ್ಚಿಗಳಿದ್ದರೂ ಇಲ್ಲವೆನ್ನುತ್ತದೆ ಎಂದಿರಲ್ಲ, ಹಳೆಯ ಕೋಡಿನಲ್ಲಿ ಎಲ್ಲಾದರೂ ಇದೇ ರೀತಿ ಕೂಡಿಸಿದೆಯೇ ಎಂದೂ ನೋಡಿ. ಪ್ರತಿ ದಿನಕ್ಕೆ ಎಷ್ಟು ಹೊರಗಿದೆ ಎಂದು ಎಣಿಸಿ, ಆ ದಿನಗಳಲ್ಲಿ ಅತಿ ಹೆಚ್ಚಿನದನ್ನು ಒಟ್ಟಿನಿಂದ ಕಳೆಯಬೇಕು.

ಈ ಉದಾಹರಣೆಯನ್ನು ನೀವೇ ಕೈಯಾರೆ ಪರೀಕ್ಷೆಯಾಗಿ ಬರೆದಿಡಿ. ಇಂಥ ಐದಾರು ಪ್ರಕರಣಗಳನ್ನು ಭಾವನವರ ಪುಸ್ತಕದಿಂದ ಆರಿಸಿ, ಗಿರಾಕಿಗಳ ಹೆಸರು ಮತ್ತು ಫೋನ್ ಸಂಖ್ಯೆಗಳನ್ನು ತೆಗೆದು, ಒಂದು ಪ್ರತ್ಯೇಕ ಕಡತದಲ್ಲಿ ಹಾಕಿ. ಆ ಕಡತವನ್ನು ಉಪಕರಣ ಓದಬಹುದು, ಬದಲಿಸಬಾರದು ಎಂಬುದು ನಿಯಮವಾಗಿರಲಿ. ಮಾತಿನಲ್ಲಿ ನಿಯಮ ಹೇಳಿದ ಮಾತ್ರಕ್ಕೆ ನಂಬಿ ಕೂರಬೇಡಿ. ಪ್ರತಿ ಬದಲಾವಣೆಯ ನಂತರ ಗಿಟ್ ತೋರಿಸುವ ವ್ಯತ್ಯಾಸದಲ್ಲಿ ಆ ಕಡತದ ಹೆಸರು ಕಂಡರೆ ಇಡೀ ಬದಲಾವಣೆಯನ್ನು ತಿರಸ್ಕರಿಸಿ. ನಿನ್ನೆ ನಿಮ್ಮ ಕಣ್ಣಿಗೆ ಬಿದ್ದ ಸಂಖ್ಯೆಯ ಬದಲಾವಣೆ, ಗಿಟ್ ಇದ್ದಿದ್ದರೆ ಅದು ನಡೆದ ದಿನವೇ ಸಿಕ್ಕಿಬೀಳುತ್ತಿತ್ತು.

ಈಗಿರುವ ಕೋಡನ್ನು ತಿದ್ದುವುದಕ್ಕಿಂತ ಹೊಸ ಫೋಲ್ಡರಿನಲ್ಲಿ, ಹೊಸ ಸಂಭಾಷಣೆಯಲ್ಲಿ ಆರಂಭಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಒಂಬತ್ತು ದಿನಗಳ ಮಾತಿನಲ್ಲಿ ವಿಫಲವಾದ ಊಹೆಗಳೇ ತುಂಬಿರುತ್ತವೆ, ಉಪಕರಣ ಅವುಗಳನ್ನೇ ಆಧಾರವಾಗಿ ಹಿಡಿದು ಮುಂದುವರಿಯುತ್ತದೆ. ಮೊದಲ ಸಂದೇಶದಲ್ಲಿ ಕೋಡ್ ಬೇಡವೆಂದು ಹೇಳಿ, ಕೋಷ್ಟಕಗಳ ವಿನ್ಯಾಸವನ್ನು ಮಾತ್ರ ಕೇಳಿ; ಅದನ್ನು ಓದಿ ಒಪ್ಪಿದ ಮೇಲಷ್ಟೇ ಮುಂದಿನ ಹೆಜ್ಜೆ. ಅದಕ್ಕೂ ಮುನ್ನ ಭಾವನವರನ್ನು ಒಂದು ಮಾತು ಕೇಳಬೇಕು: ವಸ್ತು ಹಿಂದಿರುಗಿದ ದಿನವೇ ಬೇರೆಯವರಿಗೆ ಕೊಡುತ್ತಾರೆಯೇ? ಇದನ್ನು ಕೋಡ್ ಊಹಿಸಲಾರದು, ನಾನೂ ಊಹಿಸಲಾರೆ.

ಉತ್ತರ 3

ಕನ್ನಡ ಬಿಲ್ಲಿನ ಬಗ್ಗೆ ಮಾತ್ರ ಹೇಳುತ್ತೇನೆ. ಫಾಂಟ್ ಬದಲಿಸಿ ನೋಡಿದ್ದರೆ ಅದರಿಂದ ಪ್ರಯೋಜನವಾಗಿರಲಾರದು. ಕಂಪ್ಯೂಟರಿನ ಒಳಗೆ ‘ರ್ಚಿ’ ಎಂಬುದು ರಕಾರ, ಹಲಂತದ ಚಿಹ್ನೆ, ಚಕಾರ, ಗುಡಿಸು ಎಂಬ ನಾಲ್ಕು ಸಂಕೇತಗಳ ಸಾಲು. ಅವನ್ನು ಜೋಡಿಸಿ ಅರ್ಕಾವತ್ತನ್ನು ಚಕಾರದ ನಂತರಕ್ಕೆ ಒಯ್ಯುವ ಕೆಲಸ ಅಕ್ಷರರೂಪಣೆಯ ತಂತ್ರಾಂಶದ್ದು. ಬ್ರೌಸರಿನಲ್ಲೇ ಪಿಡಿಎಫ್ ತಯಾರಿಸುವ ಕೆಲವು ಲೈಬ್ರರಿಗಳು (ಸಿದ್ಧ ಕೋಡಿನ ಸಂಗ್ರಹಗಳು) ಈ ಕೆಲಸವನ್ನೇ ಮಾಡದೆ, ಸಂಕೇತಕ್ಕೊಂದು ಆಕಾರದಂತೆ ಇಡುತ್ತಾ ಹೋಗುತ್ತವೆ. ಇಂಗ್ಲಿಷಿಗೆ ಅದು ಸಾಕಾಗುವುದರಿಂದ ಉಪಕರಣ ಅವುಗಳನ್ನು ಸೂಚಿಸುತ್ತದೆ.

ಕ್ರೋಮ್ ಮತ್ತು ಫೈರ್‌ಫಾಕ್ಸ್ ಬ್ರೌಸರುಗಳಲ್ಲಿ ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶ ಈ ಜೋಡಣೆಯನ್ನು ಸರಿಯಾಗಿ ಮಾಡುತ್ತದೆ. ಬಿಲ್ಲನ್ನು ಸಾಮಾನ್ಯ ವೆಬ್ ಪುಟವಾಗಿ ರೂಪಿಸಿ, ನೋಟೊ ಸಾನ್ಸ್ ಕನ್ನಡ ಫಾಂಟ್ ಕೊಟ್ಟು, ಬ್ರೌಸರಿನ ಮುದ್ರಣದಿಂದಲೇ ಪಿಡಿಎಫ್ ಆಗಿ ಉಳಿಸಿ. ಮಾದರಿಗೆ ಇಷ್ಟು ಧಾರಾಳವಾಗಿ ಸಾಕು.

ಹೆಸರು ಹುಡುಕುವ ಸೌಲಭ್ಯವಿದ್ದರೆ ಇನ್ನೊಂದು ಎಚ್ಚರಿಕೆ. ‘ಕೊ’ ಎಂಬುದನ್ನು ಒಂದೇ ಸ್ವರಚಿಹ್ನೆಯಿಂದಲೂ ಬರೆಯಬಹುದು, ಎತ್ವ ಮತ್ತು ಕೊಂಬಿನ ಇಳಿ ಎಂಬ ಎರಡು ಚಿಹ್ನೆಗಳಿಂದಲೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಹುಡುಕಾಟಕ್ಕೆ ಬೇರೆ ಬೇರೆ. ಉಳಿಸುವ ಮುನ್ನವೂ ಹುಡುಕುವ ಮುನ್ನವೂ ಯುನಿಕೋಡಿನ ಎನ್‌ಎಫ್‌ಸಿ ರೂಪಕ್ಕೆ (ಎರಡು ಬಗೆಯ ಬರಹವನ್ನೂ ಒಂದೇ ಮಾಡುವ ರೂಪ) ತರಲು ಹೇಳಿ.

ಪ್ರಶ್ನೆ ಕೇಳಿದವರು (ಆರು ದಿನಗಳ ನಂತರ)

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಹಳೆಯ ಕೋಡಿನಲ್ಲಿ ಹುಡುಕಿದಾಗ, ದಿನಾಂಕಕ್ಕೆ ಒಂದು ದಿನ ಕೂಡಿಸುವ ಸಾಲು ನಾಲ್ಕು ಕಡೆ ಸಿಕ್ಕಿತು. ಹೊಸ ಫೋಲ್ಡರಿನಲ್ಲಿ ಆರಂಭಿಸಿದೆ. ಉತ್ತರ 2ರಲ್ಲಿ ಹೇಳಿದ್ದಂತೆಯೇ, ಉಪಕರಣ ಮೊದಲು ಬರೆದ ಲಭ್ಯತೆಯ ಲೆಕ್ಕ ಮೇ 10ರಿಂದ 14ರ ಪರೀಕ್ಷೆಯಲ್ಲಿ ಸೊನ್ನೆ ತೋರಿಸಿತು. ಪರೀಕ್ಷೆಯ ಕಡತವನ್ನು ಮುಟ್ಟದೆ ಎರಡನೆಯ ಯತ್ನದಲ್ಲಿ 150 ಎಂಬ ಉತ್ತರ ಬಂದಿತು. ಬಿಲ್ಲಿನಲ್ಲಿ ‘ಕುರ್ಚಿ’ ಈಗ ಕುರ್ಚಿಯಂತೆಯೇ ಇದೆ.

ಭಾವನವರನ್ನು ಕೇಳಿದ್ದರಿಂದ ಎರಡು ಸಂಗತಿಗಳು ತಿಳಿದವು. ಕುರ್ಚಿ ಮತ್ತು ಜಮಖಾನಗಳು ಬಂದ ದಿನವೇ ಮತ್ತೆ ಹೊರಡುತ್ತವೆ, ಆದರೆ ಹಂಡೆ, ಬಾಣಲೆ, ಕೊಳಗಗಳನ್ನು ತೊಳೆದು ಎಣಿಸಲು ಮರುದಿನವೂ ಬೇಕು. ಆದ್ದರಿಂದ ಪ್ರತಿ ವಸ್ತುವಿಗೂ ‘ಬಿಡುವಿನ ದಿನ’ ಎಂಬ ಅಂಕಣ ಸೇರಿಸಿದ್ದೇನೆ. ಎರಡನೆಯದನ್ನು ನಾನು ನಿರೀಕ್ಷಿಸಿರಲಿಲ್ಲ. ಬಿಲ್ಲನ್ನು ಅವರು ಒಮ್ಮೆ ನೋಡಿ ಪಕ್ಕಕ್ಕಿಟ್ಟು, ‘ಬಿಲ್ ಪುಸ್ತಕ ನನ್ನ ಹತ್ತಿರ ಇದೆಯಪ್ಪ, ಯಾರ ಮನೆಯಿಂದ ಎಷ್ಟು ಸೌಟು, ಎಷ್ಟು ಲೋಟ ಇನ್ನೂ ಬಂದಿಲ್ಲ ಅನ್ನೋದನ್ನ ತೋರಿಸುತ್ತಾ ಇದು?’ ಎಂದು ಕೇಳಿದರು. ನಾನು ಹೆಚ್ಚು ಶ್ರಮ ಹಾಕಿದ್ದ ಭಾಗ ಅವರಿಗೆ ಬೇಡವಾಗಿತ್ತು. ಬೇಕಾಗಿದ್ದದ್ದು ನನ್ನ ಪಟ್ಟಿಯಲ್ಲೇ ಇರಲಿಲ್ಲ.

ಹೀಗಾಗಿ ಬಿಲ್ಲಿನ ಭಾಗವನ್ನು ಸದ್ಯಕ್ಕೆ ಕೈಬಿಟ್ಟು, ವಾಪಸಾತಿಯ ಪಟ್ಟಿಯೊಂದನ್ನೇ ಮಾಡಿ, ಊರಿನ ಇನ್ನೆರಡು ಅಂಗಡಿಗಳವರಿಗೂ ತೋರಿಸಲಿದ್ದೇನೆ. ಅಲ್ಲಿಯೂ ತೊಡಕು ಬಂದರೆ ಬೇರೆ ಪ್ರಶ್ನೆಯಾಗಿ ಕೇಳುತ್ತೇನೆ. ಇದನ್ನು ಪರಿಹಾರವಾಗಿದೆ ಎಂದು ಗುರುತಿಸಿದ್ದೇನೆ.